ಬಿಸಿ ಎಲ್ಲಿಗೆ ಹೋಗಬೇಕು? – ಡಮ್ಮಿ ಲೋಡ್‌ಗಳ ಒಂದು ಚರಿತ್ರೆ

ಮದುವೆ ಮನೆ ಮುಂದೆ ಬಾಡಿಗೆ ಜನರೇಟರ್ ನಿಂತಿರುತ್ತಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಒಂದು ಉಪ್ಪುನೀರಿನ ಡ್ರಮ್ ನೆನಪಾಗುತ್ತದೆ. ಅದರ ಹಿಂದೆಯೇ ಒಬ್ಬ ಹುಡುಗನ ಕೆನ್ನೆಯ ಮೇಲಿನ ಗಾಯದ ಕಲೆಯೂ ನೆನಪಿಗೆ ಬರುತ್ತದೆ. ಎರಡಕ್ಕೂ ಏನಪ್ಪಾ ಸಂಬಂಧ ಅಂತೀರಾ? ಹೇಳುತ್ತೇನೆ. ಆದರೆ ನಡುವೆ ಸುಮಾರು ಇನ್ನೂರು ವರ್ಷದ ಚರಿತ್ರೆ ಬರುತ್ತದೆ, ಸ್ವಲ್ಪ ಸಮಾಧಾನದಿಂದ ಓದಬೇಕು.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಇಂಜಿನಿಯರಿಂಗ್ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ. ಯುಪಿಎಸ್, ಬ್ಯಾಟರಿ ಚಾರ್ಜರ್ ಮಾಡುವ ಜಾಗ. ಪಕ್ಕದ ಶೆಡ್ಡಿನಲ್ಲಿ ಡೀಸೆಲ್ ಜನರೇಟರ್ ರಿಪೇರಿ ಮಾಡುತ್ತಿದ್ದರು. ಅಲ್ಲಿದ್ದ ಮೇಸ್ತ್ರಿಗೆ ಆಗಲೇ ಅರವತ್ತು ದಾಟಿತ್ತು. ರಿಪೇರಿಯಾದ ಜನರೇಟರನ್ನು ಅವರು ಹಾಗೇ ಕಳಿಸುತ್ತಿರಲಿಲ್ಲ. ಸುಮ್ಮನೆ ಓಡಿಸಿ ನೋಡಿದರೆ ಯಾವ ಜನರೇಟರಾದರೂ ಚೆನ್ನಾಗಿಯೇ ಓಡುತ್ತದೆ. ಮುಹೂರ್ತದ ಹೊತ್ತಿಗೆ ದೀಪ, ಫ್ಯಾನು, ಗ್ರೈಂಡರು ಎಲ್ಲ ಒಟ್ಟಿಗೆ ಹತ್ತಿದಾಗ ತಾನೆ ಅದರ ಬಂಡವಾಳ ಗೊತ್ತಾಗೋದು! ಹಾಗಾಗಿ ಮದುವೆ ಇಲ್ಲದೆ ಮದುವೆಯಷ್ಟೇ ಕರೆಂಟು ಎಳೆಯುವ ಏನಾದರೊಂದು ಬೇಕು. ಆ ಸುಳ್ಳು ಹೊರೆಗೇ ಡಮ್ಮಿ ಲೋಡ್ ಅನ್ನುತ್ತಾರೆ.

ಮೇಸ್ತ್ರಿಯವರ ಡಮ್ಮಿ ಲೋಡ್ ಅಂದರೆ ಇನ್ನೂರು ಲೀಟರಿನ ಒಂದು ಡ್ರಮ್ಮು, ನೀರು, ಒಂದೆರಡು ಹಿಡಿ ಉಪ್ಪು, ಮರದ ತೊಲೆಗೆ ಹಗ್ಗದಲ್ಲಿ ನೇತುಹಾಕಿದ ಮೂರು ಕಬ್ಬಿಣದ ತಗಡು. ತಗಡು ಕೆಳಗಿಳಿಸಿದರೆ ಲೋಡು ಜಾಸ್ತಿ, ಮೇಲೆತ್ತಿದರೆ ಕಮ್ಮಿ. ಕೈಯಲ್ಲಿ ಟಾಂಗ್ ಟೆಸ್ಟರ್ ಹಿಡಿದು, ನೀರಿಗೂ ಜನರಿಗೂ ಸಾಕಷ್ಟು ದೂರ ಬಿಟ್ಟು, ಒಣ ಹಲಗೆ ಮೇಲೆ ನಿಂತಿರುತ್ತಿದ್ದರು. ಸ್ವಲ್ಪ ಹೊತ್ತಿಗೆ ಡ್ರಮ್ಮಿನಿಂದ ಹಬೆ ಏಳುತ್ತಿತ್ತು. ನಾನು ಹೊಸ ಡಿಗ್ರಿಯ ಜಂಬದಲ್ಲಿ ಒಳಗೊಳಗೇ ನಗುತ್ತಿದ್ದೆ. (ಇದನ್ನು ಓದಿ ಯಾರೂ ಮನೇಲಿ ಮಾಡೋಕೆ ಹೋಗಬೇಡಿ. ಆ ನೀರು ಮುಟ್ಟಿದವನು ಉಳಿಯೋದಿಲ್ಲ.)

ಆ ನಗು ನನಗೆ ತಿರುಗಿ ಹೊಡೆದದ್ದು ಆಮೇಲಿನ ಕಥೆ. ಮೊದಲು ಚರಿತ್ರೆಗೆ ಬರೋಣ.

ಸಾರಾಯಿ ಭಟ್ಟಿಯವರ ಮಗ

ಡಮ್ಮಿ ಲೋಡಿನ ಮೂಲಪುರುಷ ಯಾರು ಅಂತ ನನ್ನನ್ನು ಕೇಳಿದರೆ ನಾನು ಜೇಮ್ಸ್ ಪ್ರೆಸ್ಕಾಟ್ ಜೂಲ್ ಅನ್ನುತ್ತೇನೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡಿನವನು, 1818ರಲ್ಲಿ ಹುಟ್ಟಿದವನು. ಮನೆಯದು ಬಿಯರ್ ತಯಾರಿಸುವ ವ್ಯಾಪಾರ. ಭಟ್ಟಿಯಲ್ಲಿದ್ದ ಉಗಿ ಯಂತ್ರಗಳ ಬದಲು ಆಗತಾನೇ ಬಂದಿದ್ದ ವಿದ್ಯುತ್ ಮೋಟಾರು ಹಾಕಿದರೆ ಖರ್ಚು ಕಡಿಮೆಯಾದೀತೇ ಅನ್ನುವ ಲೆಕ್ಕದಿಂದ ಅವನ ಪ್ರಯೋಗಗಳು ಶುರುವಾದವು. ಅಪ್ಪಟ ವ್ಯಾಪಾರಿ ಬುದ್ಧಿ!

ಅವನು ಒಂದು ತೆಳುವಾದ ಗಾಜಿನ ಕೊಳವೆಗೆ ತಂತಿ ಸುತ್ತಿ, ಅದನ್ನು ನೀರಿನ ಜಾಡಿಯಲ್ಲಿ ಮುಳುಗಿಸಿ, ಕರೆಂಟು ಹರಿಸಿ, ನೀರು ಎಷ್ಟು ಬಿಸಿಯಾಯಿತು ಅಂತ ಥರ್ಮಾಮೀಟರಿನಲ್ಲಿ ಅಳೆದ. 1841ರಲ್ಲಿ ಪ್ರಕಟಿಸಿದ ಫಲಿತಾಂಶ ನಾವೆಲ್ಲ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೇ: ಬಿಸಿ, ಕರೆಂಟಿನ ವರ್ಗಕ್ಕೂ ತಂತಿಯ ರೋಧಕ್ಕೂ ಅನುಪಾತದಲ್ಲಿರುತ್ತದೆ. ಅಂದರೆ ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟು.

ಆ ಜಾಡಿಯನ್ನು ಇನ್ನೊಮ್ಮೆ ನೋಡಿ. ಬೇರೆ ಯಾವ ಉಪಯೋಗಕ್ಕೂ ಇಲ್ಲದ ಒಂದು ತಂತಿ, ಅದರ ಬಿಸಿ ಹೀರಿಕೊಳ್ಳಲು ಸುತ್ತ ನೀರು. ಇದು ಡಮ್ಮಿ ಲೋಡ್ ಅಲ್ಲದೆ ಮತ್ತೇನು? ಬಿಸಿಯನ್ನು ಅಳೆಯಲು ಹೊರಟವನಿಗೆ ಮೊದಲು ಹೊಳೆದ ಪ್ರಶ್ನೆಯೇ "ಇದು ಎಲ್ಲಿಗೆ ಹೋಗಿ ಸೇರಬೇಕು?" ಅನ್ನೋದು. ಮುಂದಿನ ಚರಿತ್ರೆಯೆಲ್ಲ ಇದೇ ಪ್ರಶ್ನೆಗೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರ ಅಷ್ಟೆ.

ನೀರಿನ ಕಾಲ

19ನೇ ಶತಮಾನದ ಕೊನೆಗೆ ಡೈನಮೋಗಳು ದೊಡ್ಡದಾಗುತ್ತಾ ಬಂದಂತೆ ಅವುಗಳನ್ನು ಪರೀಕ್ಷಿಸಲು ದೊಡ್ಡ ಲೋಡು ಬೇಕಾಯಿತು. ಅಷ್ಟು ದಪ್ಪದ ತಂತಿ, ಅಷ್ಟು ದೀಪ ಎಲ್ಲಿಂದ ತರೋದು? ಪೀಪಾಯಿಯಲ್ಲಿ ಉಪ್ಪುನೀರು ತುಂಬಿ ತಗಡು ಇಳಿಬಿಡುವ ಉಪಾಯ ಆಗಿನದೇ. ಇಂಗ್ಲಿಷಿನವರು ಅದನ್ನು ವಾಟರ್ ರಿಯೋಸ್ಟಾಟ್ ಅಂದರು. ಅದರ ವಂಶದ ಲಿಕ್ವಿಡ್ ಸ್ಟಾರ್ಟರ್‌ಗಳನ್ನು ದೊಡ್ಡ ಸ್ಲಿಪ್ ರಿಂಗ್ ಮೋಟಾರಿರುವ ಕಾರ್ಖಾನೆಗಳಲ್ಲಿ ಈಗಲೂ ನೋಡಬಹುದು.

ಮೇಸ್ತ್ರಿಯವರ ಡ್ರಮ್ಮಿನ ಲೆಕ್ಕ ಹಾಕಿ ನೋಡಿದರೆ ನೀರಿನ ತಾಕತ್ತು ಗೊತ್ತಾಗುತ್ತದೆ. 50 ಕಿಲೋವ್ಯಾಟ್ ಜನರೇಟರ್ ಅಂದುಕೊಳ್ಳಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಬೇಕು. ಇನ್ನೂರು ಲೀಟರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು 50 ಕಿಲೋವ್ಯಾಟಿಗೆ ಇಪ್ಪತ್ತೊಂದು ನಿಮಿಷ ಹಿಡಿಯುತ್ತದೆ. ಅಲ್ಲಿಂದ ಮುಂದೆ ಉಷ್ಣತೆ ಏರೋದಿಲ್ಲ, ನೀರು ಕುದಿದು ಆವಿಯಾಗುತ್ತದೆ. ಗಂಟೆಗೆ ಸುಮಾರು 80 ಲೀಟರ್ ನೀರು ಆವಿ! ಪಕ್ಕದಲ್ಲಿ ಒಬ್ಬ ಹುಡುಗ ಗಂಟೆಗೆ ಐದಾರು ಬಿಂದಿಗೆ ನೀರು ತಂದು ತುಂಬಿಸುತ್ತಿದ್ದರೆ 50 ಕಿಲೋವ್ಯಾಟನ್ನು ಇಡೀ ದಿನ ನುಂಗಬಹುದು. ಫ್ಯಾನ್ ಬೇಡ, ಹೀಟ್‌ಸಿಂಕ್ ಬೇಡ. ಬಿಸಿ ಆವಿಯಾಗಿ ಆಕಾಶಕ್ಕೆ ಹೋಯಿತು.

ಆದರೆ ಇದರಲ್ಲೊಂದು ಐಬಿದೆ. ಉಪ್ಪುನೀರು ಬಿಸಿಯಾದಷ್ಟೂ ಕರೆಂಟನ್ನು ಹೆಚ್ಚು ಸರಾಗವಾಗಿ ಬಿಡುತ್ತದೆ, ಡಿಗ್ರಿಗೆ ಸುಮಾರು ಶೇಕಡಾ ಎರಡರಷ್ಟು. ತಣ್ಣಗಿದ್ದಾಗ ಸರಿಯಾಗಿದ್ದ ಲೋಡು ಕುದಿಯುವ ಹೊತ್ತಿಗೆ ಎರಡರಷ್ಟಕ್ಕಿಂತ ಹೆಚ್ಚಾಗಿಬಿಡುತ್ತದೆ. ಅದಕ್ಕೇ ಮೇಸ್ತ್ರಿ ಹಗ್ಗ ಬಿಟ್ಟು ಅಲ್ಲಾಡುತ್ತಿರಲಿಲ್ಲ. "ನೀರು ಕಾದಂಗೆಲ್ಲ ಆಸೆ ಜಾಸ್ತಿ ಆಯ್ತದೆ ಸಾರ್, ತಗಡು ಎತ್ತುತಾನೇ ಇರ್ಬೇಕು" ಅನ್ನುತ್ತಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೀರು ಬೇಡ ಅನ್ನುವವರಿಗೆ 1906ರಲ್ಲಿ ಇನ್ನೊಂದು ದಾರಿ ತೆರೆಯಿತು. ಅಮೆರಿಕದ ಆಲ್ಬರ್ಟ್ ಮಾರ್ಷ್‌ಗೆ ನಿಕ್ಕಲ್ ಮತ್ತು ಕ್ರೋಮಿಯಂ ಸೇರಿಸಿದ ಮಿಶ್ರಲೋಹದ ಪೇಟೆಂಟ್ ಸಿಕ್ಕಿತು. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ, ಕರೆಂಟ್ ಒಲೆಯಲ್ಲಿರುವ ನೈಕ್ರೋಮ್ ತಂತಿ ಇದೇ. ಇದು ಕೆಂಡದಂತೆ ಕೆಂಪಗಾದರೂ ಬೇಗ ಸುಟ್ಟುಹೋಗುವುದಿಲ್ಲ. ಇಂಥ ಸುರುಳಿಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ ಹಿಂದಿನಿಂದ ದೊಡ್ಡ ಫ್ಯಾನ್ ಹಾಕಿದರೆ ಅದೇ ಲೋಡ್ ಬ್ಯಾಂಕ್. ಆಸ್ಪತ್ರೆ, ಡೇಟಾ ಸೆಂಟರುಗಳ ಜನರೇಟರ್ ಪರೀಕ್ಷೆಗೆ ಲಾರಿಯಲ್ಲಿ ಬರುವುದು ಇದೇ.

ಎಣ್ಣೆ ಡಬ್ಬಿಯ ಕಾಲ

ಅಷ್ಟರಲ್ಲಿ ರೇಡಿಯೋ ಬಂತು. ರೇಡಿಯೋದವರ ತೊಂದರೆಯೇ ಬೇರೆ. ಟ್ರಾನ್ಸ್‌ಮಿಟರನ್ನು ಸರಿಮಾಡುವಾಗ ಆಂಟೆನಾಗೆ ಜೋಡಿಸಿದರೆ ಆ ಗೊರಗೊರ ಸದ್ದೆಲ್ಲ ಊರಿಗೇ ಪ್ರಸಾರವಾಗುತ್ತದೆ. ಆಂಟೆನಾ ತೆಗೆದು ಓಡಿಸಿದರೆ ಟ್ರಾನ್ಸ್‌ಮಿಟರೇ ಹಾಳಾಗಬಹುದು. ಆದ್ದರಿಂದ ಆಂಟೆನಾದ ಹಾಗೆ ಶಕ್ತಿ ನುಂಗುವ, ಆದರೆ ಹೊರಗೆ ಬಿಡದ ಒಂದು ಕೃತಕ ಆಂಟೆನಾ ಬೇಕು. ಹಳೆಯ ಹವ್ಯಾಸಿಗಳು ಸಾಮಾನ್ಯ ಬಲ್ಬನ್ನೇ ಹಾಕುತ್ತಿದ್ದರು. ಬಲ್ಬು ಚೆನ್ನಾಗಿ ಉರಿದರೆ ಟ್ರಾನ್ಸ್‌ಮಿಟರ್ ಚೆನ್ನಾಗಿದೆ ಅಂತ ಅರ್ಥ. ಆದರೆ ತಣ್ಣಗಿರುವ ಟಂಗ್‌ಸ್ಟನ್ ತಂತಿಗೂ ಉರಿಯುವ ತಂತಿಗೂ ರೋಧದಲ್ಲಿ ಹತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಉಪ್ಪುನೀರಿಗೆ ಸರಿಯಾಗಿ ಉಲ್ಟಾ! ಅಳತೆಗೆ ಇದು ಸಾಲದು.

ಆಮೇಲೆ ಬಂದದ್ದು ನನಗೆ ಬಹಳ ಇಷ್ಟವಾದ ಒಂದು ವಸ್ತು. ಅಮೆರಿಕದ ಹೀತ್‌ಕಿಟ್ ಕಂಪನಿ, ಭಾಗಗಳನ್ನು ಡಬ್ಬದಲ್ಲಿ ಕಳಿಸಿ "ನೀವೇ ಜೋಡಿಸಿಕೊಳ್ಳಿ" ಅನ್ನುತ್ತಿದ್ದ ಕಂಪನಿ, "ಕ್ಯಾಂಟೆನಾ" ಅಂತ ಒಂದನ್ನು ಮಾರುತ್ತಿತ್ತು. ಒಂದು ಗ್ಯಾಲನ್ನಿನ ಪೇಂಟ್ ಡಬ್ಬಿ, ಅದರ ಮುಚ್ಚಳದಿಂದ ಒಳಕ್ಕೆ ಇಳಿಬಿಟ್ಟ 50 ಓಮ್‌ನ ಒಂದು ರೆಸಿಸ್ಟರ್, ಸುತ್ತ ಟ್ರಾನ್ಸ್‌ಫಾರ್ಮರ್ ಎಣ್ಣೆ. ಇಷ್ಟೇ. ಸಾವಿರ ವ್ಯಾಟ್ ತಡೆಯುತ್ತದೆ ಅಂತ ಹೆಸರು.

ತಡೆಯುತ್ತದೆ ನಿಜ, ಆದರೆ ಸ್ವಲ್ಪ ಹೊತ್ತು ಮಾತ್ರ. ಒಂದು ಗ್ಯಾಲನ್ ಎಣ್ಣೆಗೆ ಸಾವಿರ ವ್ಯಾಟ್ ಹಾಕಿದರೆ ಅದು ನಿಮಿಷಕ್ಕೆ ಒಂಬತ್ತು ಹತ್ತು ಡಿಗ್ರಿ ಏರುತ್ತದೆ. ಹತ್ತು ನಿಮಿಷಕ್ಕೆ ನೂರು ಡಿಗ್ರಿಯ ಹತ್ತಿರ. ಅಂದರೆ ಆ ಡಬ್ಬಿ ಬಿಸಿಯನ್ನು ಹೊರಹಾಕುತ್ತಿಲ್ಲ, ಸಾಲ ಮಾಡುತ್ತಿದೆ! ಹತ್ತು ನಿಮಿಷ ಸಾಲ ಮಾಡಿ, ಆಮೇಲೆ ಗಂಟೆಗಟ್ಟಲೆ ತಣ್ಣಗಾಗುತ್ತಾ ತೀರಿಸಬೇಕು. ಡಮ್ಮಿ ಲೋಡಿನ ಮೇಲೆ "ಸಾವಿರ ವ್ಯಾಟ್" ಅಂತ ಬರೆದಿದ್ದರೆ "ಎಷ್ಟು ಹೊತ್ತು?" ಅಂತ ಕೇಳಬೇಕು ಅನ್ನೋದು ನನಗೆ ಹೊಳೆದದ್ದು ಈ ಡಬ್ಬಿಯ ಲೆಕ್ಕ ಹಾಕಿದಾಗಲೇ. (ಆ ಕಾಲದ ಕೆಲವು ಎಣ್ಣೆಗಳಲ್ಲಿ ಪಿಸಿಬಿ ಅನ್ನುವ ವಿಷವಸ್ತು ಇರುತ್ತಿತ್ತು. ಅಮೆರಿಕದಲ್ಲಿ 1979ರಲ್ಲಿ ಅದರ ತಯಾರಿಕೆ ನಿಂತಿತು. ಹಳೇ ಡಬ್ಬಿ ಕೈಗೆ ಸಿಕ್ಕರೆ ಹುಷಾರು.)

ದೊಡ್ಡ ಟ್ರಾನ್ಸ್‌ಮಿಟರುಗಳವರು ಮತ್ತೆ ನೀರಿಗೇ ಶರಣಾದರು, ಆದರೆ ಈ ಸಲ ಹರಿಯುವ ನೀರಿಗೆ. ಅಮೆರಿಕದ ಒಹಾಯೋದ ಡಬ್ಲ್ಯುಎಲ್‌ಡಬ್ಲ್ಯು ಕೇಂದ್ರ 1934ರಿಂದ 1939ರವರೆಗೆ 500 ಕಿಲೋವ್ಯಾಟಿನಲ್ಲಿ ಪ್ರಸಾರ ಮಾಡಿತು. ಟ್ರಾನ್ಸ್‌ಮಿಟರಿನ ಬಿಸಿನೀರನ್ನು ಕಟ್ಟಡದ ಮುಂದಿನ ಕೊಳದಲ್ಲಿ ಚಿಮ್ಮಿಸಿ ತಣಿಸುತ್ತಿದ್ದರು. ನೋಡಿದವರಿಗೆ ಅದು ಚಂದದ ಕಾರಂಜಿ! ನಮ್ಮ ಆಕಾಶವಾಣಿ ಕೂಡ 1990ರ ದಶಕದಲ್ಲಿ ಬೆಂಗಳೂರಿನ ಯಲಹಂಕದ ಬಳಿ 500 ಕಿಲೋವ್ಯಾಟಿನ ಶಾರ್ಟ್‌ವೇವ್ ಟ್ರಾನ್ಸ್‌ಮಿಟರುಗಳನ್ನು ಹಾಕಿತು. ಅಷ್ಟು ಶಕ್ತಿಯನ್ನು ಪೂರ್ತಿ ನೀರಿಗೆ ಹಾಕಿ, ನೀರು 30 ಡಿಗ್ರಿ ಮಾತ್ರ ಬಿಸಿಯಾಗಬೇಕು ಅಂದರೆ ಸೆಕೆಂಡಿಗೆ ನಾಲ್ಕು ಲೀಟರ್ ಹರಿಯಬೇಕು. ನಾವು ಮನೆಗೆ ತರಿಸುವ ನೀರಿನ ಕ್ಯಾನ್ ಐದು ಸೆಕೆಂಡಿಗೆ ಒಂದು ಖಾಲಿ!

ಇದರಲ್ಲೊಂದು ಲಾಭವೂ ಇದೆ. ಎಷ್ಟು ನೀರು ಹರಿಯಿತು, ಎಷ್ಟು ಡಿಗ್ರಿ ಏರಿತು ಅಂತ ಅಳೆದರೆ ಟ್ರಾನ್ಸ್‌ಮಿಟರಿನ ಶಕ್ತಿ ಎಷ್ಟು ಅಂತ ಗೊತ್ತಾಗಿಬಿಡುತ್ತದೆ. ನಿಮಿಷಕ್ಕೆ ಒಂದು ಲೀಟರ್ ಹರಿದು 14.3 ಡಿಗ್ರಿ ಏರಿದರೆ ಒಂದು ಕಿಲೋವ್ಯಾಟ್. ಸಾಲ್ಫರ್ಡಿನ ಜಾಡಿ ನೂರು ವರ್ಷದ ಮೇಲೂ ಕೆಲಸಕ್ಕೆ ಬಂತು.

ಉಗುರಿನಷ್ಟು ಸಿಲಿಕಾನ್

ಇಲ್ಲಿಯವರೆಗಿನ ಲೋಡುಗಳೆಲ್ಲ ದಡ್ಡ ಲೋಡುಗಳು. ನಮಗೆ, ಅಂದರೆ ಬ್ಯಾಟರಿ, ಚಾರ್ಜರ್ ಪರೀಕ್ಷಿಸುವವರಿಗೆ, "ವೋಲ್ಟೇಜ್ ಎಷ್ಟೇ ಇಳಿಯಲಿ, ಸರಿಯಾಗಿ 20 ಆಂಪಿಯರ್ ಎಳಿ" ಅಂದರೆ ಎಳೆಯುವ ಲೋಡು ಬೇಕು. ಅದನ್ನು ಮಾಡಬಲ್ಲದ್ದು ಟ್ರಾನ್ಸಿಸ್ಟರ್. ಇದೇ ಎಲೆಕ್ಟ್ರಾನಿಕ್ ಲೋಡ್. ಕಷ್ಟ ಏನು ಅಂದರೆ, ಡ್ರಮ್ಮಿನಲ್ಲಿ ಇನ್ನೂರು ಲೀಟರ್ ನೀರಿಗೆ ಹಂಚಿಹೋಗುತ್ತಿದ್ದ ಬಿಸಿ ಇಲ್ಲಿ ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ಸಿಲಿಕಾನ್ ತುಣುಕಿನಲ್ಲಿ ಹುಟ್ಟುತ್ತದೆ.

ಅಲ್ಲಿಂದ ಬಿಸಿ ಹೊರಗೆ ಬರುವ ದಾರಿಯನ್ನು ಲೆಕ್ಕ ಹಾಕುವ ಕ್ರಮದಲ್ಲೂ ಒಂದು ಸ್ವಾರಸ್ಯವಿದೆ. 1822ರಲ್ಲಿ ಫ್ರಾನ್ಸಿನ ಫೂರಿಯೇ ಬಿಸಿ ಹೇಗೆ ಹರಿಯುತ್ತದೆ ಅನ್ನುವುದರ ಗಣಿತ ಬರೆದ. 1827ರಲ್ಲಿ ಜರ್ಮನಿಯ ಓಮ್ ಅದೇ ಮಾದರಿ ಹಿಡಿದು ವಿದ್ಯುತ್ತಿನ ನಿಯಮ ಕಟ್ಟಿದ. ನೂರಕ್ಕೂ ಹೆಚ್ಚು ವರ್ಷದ ನಂತರ ಟ್ರಾನ್ಸಿಸ್ಟರಿನವರು ಓಮ್‌ನ ನಿಯಮವನ್ನೇ ಬಿಸಿಗೆ ವಾಪಸ್ ತಂದರು. ಬಿಸಿಯೇ ಕರೆಂಟು, ಡಿಗ್ರಿಯೇ ವೋಲ್ಟೇಜು, ದಾರಿಯಲ್ಲಿ ಸಿಗುವ ಪ್ರತಿ ಪದರವೂ ಒಂದು ರೆಸಿಸ್ಟರ್. ಕೊಟ್ಟ ಸಾಲ ಬಡ್ಡಿ ಸಮೇತ ವಾಪಸ್ ಬಂದಂತೆ!

1960ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ತಂದ 2ಎನ್3055 ಎಂಬ ಟ್ರಾನ್ಸಿಸ್ಟರ್ ನಮ್ಮ ಎಸ್‌ಪಿ ರೋಡಿನ ಅಂಗಡಿಗಳಲ್ಲೂ ಮನೆಮಾತು. ಅದರ ಮೇಲೆ 115 ವ್ಯಾಟ್ ಅಂತ ಹೇಳುತ್ತಾರೆ. ಆದರೆ ಅದು ಹೊರಕವಚ 25 ಡಿಗ್ರಿಯಲ್ಲಿದ್ದರೆ ಮಾತ್ರ! ನೂರು ವ್ಯಾಟ್ ಸುಡುತ್ತಿರುವ ಲೋಹದ ಕವಚವನ್ನು 25 ಡಿಗ್ರಿಯಲ್ಲಿ ಹಿಡಿದಿಡೋದು ಹೇಗೆ? ಕವಚ 100 ಡಿಗ್ರಿಗೆ ಬಂದರೆ ಅದೇ 115 ವ್ಯಾಟ್ ಇಳಿದು 66 ಆಗುತ್ತದೆ.

ಇನ್ನೊಂದು ಗಂಡಾಂತರವನ್ನು 1958ರಲ್ಲೇ ಥಾರ್ನ್‌ಟನ್ ಮತ್ತು ಸಿಮನ್ಸ್ ಎಂಬಿಬ್ಬರು ಬರೆದಿಟ್ಟಿದ್ದರು. ಮುಂದೆ ಅದಕ್ಕೆ ಸೆಕೆಂಡ್ ಬ್ರೇಕ್‌ಡೌನ್ ಅಂತ ಹೆಸರಾಯಿತು. ಟ್ರಾನ್ಸಿಸ್ಟರಿನ ಒಳಗೆ ಒಂದು ಚುಕ್ಕೆಯಷ್ಟು ಜಾಗ ಸ್ವಲ್ಪ ಹೆಚ್ಚು ಬಿಸಿಯಾದರೆ ಅಲ್ಲಿ ಕರೆಂಟು ಹೆಚ್ಚು ಹರಿಯುತ್ತದೆ, ಹರಿದಷ್ಟೂ ಇನ್ನೂ ಬಿಸಿ, ಕೊನೆಗೆ ಆ ಚುಕ್ಕೆಯೇ ಕರಗಿಹೋಗುತ್ತದೆ.

1970ರ ದಶಕದ ಕೊನೆಗೆ ಪವರ್ ಮಾಸ್‌ಫೆಟ್ ಬಂದಾಗ ಎಲ್ಲರೂ ನಿಟ್ಟುಸಿರು ಬಿಟ್ಟರು. ಬಿಸಿಯಾದಷ್ಟೂ ಇದರ ರೋಧ ಹೆಚ್ಚುತ್ತದೆ, ಹಾಗಾಗಿ ಹತ್ತು ಮಾಸ್‌ಫೆಟ್ ಸಮಾನಾಂತರವಾಗಿ ಕಟ್ಟಿದರೆ ತಾವೇ ಲೋಡು ಹಂಚಿಕೊಳ್ಳುತ್ತವೆ ಅಂತ ಪುಸ್ತಕದಲ್ಲಿತ್ತು. ನಾನೂ ಅದನ್ನೇ ಓದಿ ಪಾಸಾದವನು.

ಆ ದಿನ

ಕಾರ್ಖಾನೆಯಲ್ಲಿ 48 ವೋಲ್ಟಿನ ಬ್ಯಾಟರಿ ಬ್ಯಾಂಕ್ ಪರೀಕ್ಷಿಸಲು ನಾನೇ ಒಂದು ಎಲೆಕ್ಟ್ರಾನಿಕ್ ಲೋಡ್ ಕಟ್ಟುತ್ತೇನೆ ಅಂದೆ. 48 ವೋಲ್ಟ್, 20 ಆಂಪಿಯರ್, ಅಂದರೆ 960 ವ್ಯಾಟ್. ಐಆರ್‌ಎಫ್‌ಪಿ 250 ಅನ್ನುವ ಮಾಸ್‌ಫೆಟ್ 190 ವ್ಯಾಟಿನದು. ಆರು ಹಾಕಿದರೆ ಒಂದಕ್ಕೆ 160 ವ್ಯಾಟ್. ಸಾಕಲ್ಲ? ಆರರ ಗೇಟನ್ನೂ ಒಟ್ಟಿಗೆ ಸೇರಿಸಿ ಒಂದೇ ಕಂಟ್ರೋಲ್ ಕೊಟ್ಟೆ. ದೊಡ್ಡ ಅಲ್ಯುಮಿನಿಯಂ ಹೀಟ್‌ಸಿಂಕ್, ಮೈಕಾ ಹಾಳೆ, ಬಿಳಿ ಪೇಸ್ಟು, ಎರಡು ಫ್ಯಾನು. ನೋಡೋಕೆ ಭರ್ಜರಿಯಾಗಿತ್ತು. ಮುಚ್ಚಳ ಮಾತ್ರ ಹಾಕಿರಲಿಲ್ಲ, ಎಲ್ಲರೂ ನೋಡಲಿ ಅಂತ.

ಮೇಸ್ತ್ರಿಯವರನ್ನೂ ಕರೆದು ತೋರಿಸಿದೆ. ಅವರು ಹೀಟ್‌ಸಿಂಕಿನ ಹತ್ತಿರ ಕೈ ಹಿಡಿದು ನೋಡಿ, "ಇಷ್ಟೇ ಜಾಗದಾಗೆ ಅಷ್ಟೂ ಬಿಸಿ ಇರ್ತದಾ ಸಾರ್?" ಅಂತಷ್ಟೇ ಕೇಳಿ ಹೋದರು.

ಐದು ನಿಮಿಷ ಚೆನ್ನಾಗೇ ಓಡಿತು. ಜೊತೆಗಿದ್ದ ಐಟಿಐ ಹುಡುಗ ಬಗ್ಗಿ ಮೀಟರ್ ಓದುತ್ತಿದ್ದ. ಅಷ್ಟರಲ್ಲಿ ಪಟಾಕಿ ಸಿಡಿದಂಥ ಸದ್ದು. ಒಂದು ಮಾಸ್‌ಫೆಟ್ ಒಳಗೇ ಶಾರ್ಟ್ ಆಗಿ, ಬ್ಯಾಟರಿಯ ಕರೆಂಟೆಲ್ಲ ಅದರಲ್ಲಿ ನುಗ್ಗಿ, ಕಪ್ಪು ಕವಚ ಒಡೆದು ಚೂರು ಹಾರಿತ್ತು. ಆಮೇಲೆ ಫ್ಯೂಸ್ ಹೋಯಿತು. ಹುಡುಗ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಬೆರಳುಗಳ ಸಂದಿಯಿಂದ ರಕ್ತ. ನನಗೆ ಕೈಕಾಲೇ ಆಡಲಿಲ್ಲ. ಅವನನ್ನು ಎತ್ತಿ ಆಟೋಗೆ ಹಾಕಿದ್ದು ಮೇಸ್ತ್ರಿ.

ಚೂರು ಬಿದ್ದದ್ದು ಕೆನ್ನೆಗೆ. ಕಣ್ಣಿಗೆ ಇನ್ನೊಂದು ಇಂಚು ಇತ್ತು ಅಷ್ಟೆ. ಹುಡುಗನ ತಾಯಿ ಸಂಜೆ ಬಂದವರು ನನ್ನನ್ನು ಬೈಯಲಿಲ್ಲ. "ಕಣ್ಣು ಉಳೀತಲ್ಲ ಬಿಡಿ ಸಾರ್" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆ ರಾತ್ರಿ ಕೂತು ನಾನು ಮೊದಲೇ ಹಾಕಬೇಕಿದ್ದ ಲೆಕ್ಕ ಹಾಕಿದೆ. 190 ವ್ಯಾಟ್ ಅನ್ನೋದು ಇಲ್ಲೂ ಕವಚ 25 ಡಿಗ್ರಿಯಲ್ಲಿದ್ದರೆ ಮಾತ್ರ. ಹೀಟ್‌ಸಿಂಕ್ 70 ಡಿಗ್ರಿ ಅಂದುಕೊಳ್ಳಿ. ಮೈಕಾ ಮತ್ತು ಪೇಸ್ಟು ದಾಟಲು ಪ್ರತಿ ವ್ಯಾಟಿಗೆ ಅರ್ಧ ಡಿಗ್ರಿ ಹಿಡಿದರೆ 80 ಡಿಗ್ರಿ. ಕವಚದಿಂದ ಸಿಲಿಕಾನಿಗೆ ವ್ಯಾಟಿಗೆ 0.65 ಡಿಗ್ರಿ, ಅಂದರೆ 104. ಎಲ್ಲ ಕೂಡಿದರೆ 254 ಡಿಗ್ರಿ. ಅದು ತಡೆಯೋದು 150! ಆರೂ ಸಮನಾಗಿ ಹಂಚಿಕೊಂಡಿದ್ದರೂ ಸಾಯುತ್ತಿದ್ದವು. ಸಮನಾಗಿ ಹಂಚಿಕೊಂಡೂ ಇರಲಿಲ್ಲ.

ಯಾಕೆ ಹಂಚಿಕೊಳ್ಳಲಿಲ್ಲ ಅನ್ನುವುದು ತಿಳಿದದ್ದು ಇನ್ನೂ ಕೆಲವು ತಿಂಗಳ ಮೇಲೆ. ಬಿಸಿಯಾದಷ್ಟೂ ರೋಧ ಹೆಚ್ಚುತ್ತದೆ ಅನ್ನುವ ಪುಸ್ತಕದ ಮಾತು ಮಾಸ್‌ಫೆಟ್ ಪೂರ್ತಿ ತೆರೆದಿರುವಾಗ, ಸ್ವಿಚ್ಚಿನಂತೆ ಕೆಲಸ ಮಾಡುವಾಗ ಸರಿ. ಎಲೆಕ್ಟ್ರಾನಿಕ್ ಲೋಡಿನಲ್ಲಿ ಅದು ಅರೆಬರೆ ತೆರೆದಿರುತ್ತದೆ. ಆಗ ಬಿಸಿಯಾದಷ್ಟೂ ಅದು ತೆರೆದುಕೊಳ್ಳಲು ಬೇಕಾದ ಗೇಟ್ ವೋಲ್ಟೇಜ್ ಕಡಿಮೆಯಾಗುತ್ತದೆ. ಬಿಸಿಯಾದದ್ದೇ ಹೆಚ್ಚು ಕರೆಂಟು ಎಳೆದುಕೊಳ್ಳುತ್ತದೆ. 1990ರ ದಶಕದ ಕೊನೆಗೆ ಕಾರು ತಯಾರಕರು ಈ ಥರ ಸಾಯುವ ಮಾಸ್‌ಫೆಟ್‌ಗಳನ್ನು ಕಂಡಿದ್ದರು. ಇಟಲಿಯ ನೇಪಲ್ಸಿನ ಪಾವೊಲೊ ಸ್ಪಿರಿಟೊ ಮತ್ತು ಜೊತೆಗಾರರು 2002ರಲ್ಲಿ ಇದರ ವಿವರಣೆ ಕೊಟ್ಟರು. ಈಗ ಅದಕ್ಕೆ ಸ್ಪಿರಿಟೊ ಪರಿಣಾಮ ಅನ್ನುತ್ತಾರೆ. 2010ರಲ್ಲಿ ನಾಸಾ ಕೂಡ ಇದರ ಬಗ್ಗೆ ಎಚ್ಚರಿಕೆಯ ವರದಿ ಪ್ರಕಟಿಸಿತು. ನನ್ನ ಮಾಸ್‌ಫೆಟ್ಟಿನ ಡೇಟಾಶೀಟಿನಲ್ಲೂ ಸುಳಿವಿತ್ತು. ಎಷ್ಟು ವೋಲ್ಟಿಗೆ ಎಷ್ಟು ಕರೆಂಟು ಸುರಕ್ಷಿತ ಅಂತ ತೋರಿಸುವ ಗ್ರಾಫಿನಲ್ಲಿ ಕೊನೆಯ ಗೆರೆ 10 ಮಿಲಿಸೆಕೆಂಡಿನದು. ನಿರಂತರ ಓಟಕ್ಕೆ ಗೆರೆಯೇ ಇಲ್ಲ. ನಾನು ಐದು ನಿಮಿಷ ಓಡಿಸಿದ್ದೆ.

ಈಗ ಮೇಸ್ತ್ರಿಯವರ ಮಾತು ನೆನಪು ಮಾಡಿಕೊಳ್ಳಿ. "ಕಾದಂಗೆಲ್ಲ ಆಸೆ ಜಾಸ್ತಿ." ಉಪ್ಪುನೀರಿನ ಐಬೂ ಮಾಸ್‌ಫೆಟ್ಟಿನ ಐಬೂ ಒಂದೇ! ವ್ಯತ್ಯಾಸ ಇಷ್ಟೇ: ನೀರಿನಲ್ಲಿ ಬಿಸಿಯಾದ ಭಾಗ ಮೇಲೆದ್ದು ತಣ್ಣನೆಯ ಭಾಗದ ಜೊತೆ ಬೆರೆಯುತ್ತದೆ, ನೂರು ಡಿಗ್ರಿಗೆ ಬಂದರೆ ಕುದಿದು ಅಲ್ಲೇ ನಿಲ್ಲುತ್ತದೆ. ಮೇಲೆ ಹಗ್ಗ ಹಿಡಿದ ಒಬ್ಬ ಮನುಷ್ಯನಿದ್ದಾನೆ. ಸಿಲಿಕಾನಿಗೆ ಬೆರೆಯಲು ಬರೋದಿಲ್ಲ, ಕುದಿಯಲು ಬರೋದಿಲ್ಲ, ನಾನು ಹಗ್ಗವನ್ನೂ ಕೊಟ್ಟಿರಲಿಲ್ಲ.

ಎರಡನೇ ಸಲ ಕಟ್ಟಿದಾಗ ಆರರ ಬದಲು 24 ಹಾಕಿದೆ. ಒಂದಕ್ಕೆ ನಲವತ್ತು ವ್ಯಾಟ್ ಮಾತ್ರ. ಪ್ರತಿಯೊಂದಕ್ಕೂ ಅದರದೇ ರೆಸಿಸ್ಟರ್, ಅದರದೇ ಆಪ್‌ಆಂಪ್, ಅಂದರೆ ಪ್ರತಿ ತಗಡಿಗೂ ಒಂದೊಂದು ಹಗ್ಗ. ಹೀಟ್‌ಸಿಂಕ್ 60 ಡಿಗ್ರಿ ಇದ್ದರೂ ಸಿಲಿಕಾನ್ 106ಕ್ಕೆ ನಿಲ್ಲುತ್ತಿತ್ತು. ಬಿಸಿ ಮೀರಿದರೆ ತಾನೇ ಆಫ್ ಆಗುವ ಥರ್ಮಲ್ ಸ್ವಿಚ್. ಮೇಲೆ ಗಟ್ಟಿ ತಗಡಿನ ಮುಚ್ಚಳ. ಅದು ಬಹಳ ವರ್ಷ ಓಡಿತು.

ಗಾಳಿಯ ಬಡತನ

ಒಂದು ವಿಷಯ ಇಲ್ಲಿ ಹೇಳಲೇಬೇಕು. ಎಷ್ಟು ದೊಡ್ಡ ಹೀಟ್‌ಸಿಂಕ್ ಹಾಕಿದರೂ ಕೊನೆಗೆ ಬಿಸಿ ಒಯ್ಯಬೇಕಾದದ್ದು ಗಾಳಿ, ಮತ್ತು ಗಾಳಿ ಬಹಳ ಬಡವ. ಒಂದು ಕಿಲೋವ್ಯಾಟ್ ಬಿಸಿಯನ್ನು ಹತ್ತೇ ಡಿಗ್ರಿ ಏರಿಕೆಯಲ್ಲಿ ಸಾಗಿಸಲು ನಿಮಿಷಕ್ಕೆ ಸುಮಾರು 5000 ಲೀಟರ್ ಗಾಳಿ ಬೇಕು. ಅದೇ ಕೆಲಸಕ್ಕೆ ನೀರು ಒಂದೂವರೆ ಲೀಟರ್ ಸಾಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟಕರ್‌ಮನ್ ಮತ್ತು ಪೀಸ್ 1981ರಲ್ಲಿ ಸಿಲಿಕಾನಿನ ಬೆನ್ನಲ್ಲೇ ಕೂದಲಿನಷ್ಟು ಸಣ್ಣ ಕಾಲುವೆ ಕೊರೆದು ನೀರು ಹರಿಸಿ, ಒಂದು ಚದರ ಸೆಂಟಿಮೀಟರಿನಿಂದ 790 ವ್ಯಾಟ್ ಹೊರತೆಗೆದರು. ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಚದರ ಸೆಂಟಿಮೀಟರಿಗೆ ಐದಾರು ವ್ಯಾಟ್ ಇರಬಹುದು ಅಷ್ಟೆ. ಕಿಲೋವ್ಯಾಟುಗಟ್ಟಲೆ ನುಂಗುವ ಇವತ್ತಿನ ಎಲೆಕ್ಟ್ರಾನಿಕ್ ಲೋಡುಗಳಲ್ಲಿ ನೀರಿನ ಕೊಳವೆ ಕಂಡರೆ ಆಶ್ಚರ್ಯಪಡಬೇಡಿ. ಡ್ರಮ್ಮು ಬೇರೆ ವೇಷದಲ್ಲಿ ಬಂದಿದೆ.

ಬಿಸಿಯೇ ಮಾಡದಿದ್ದರೆ?

ಕೊನೆಯ ಉತ್ತರ ಇದು: ಬಿಸಿ ಮಾಡಿ ಎಸೆಯುವ ಬದಲು ಆ ಶಕ್ತಿಯನ್ನು ವಾಪಸ್ ಕೊಟ್ಟರೆ? ಈಗ ಮಾರುಕಟ್ಟೆಯಲ್ಲಿರುವ ರೀಜನರೇಟಿವ್ ಲೋಡುಗಳು ಇದನ್ನೇ ಮಾಡುತ್ತವೆ. ಬ್ಯಾಟರಿಯಿಂದ ಎಳೆದ ಕರೆಂಟನ್ನು ಎಸಿ ಮಾಡಿ ಲೈನಿಗೇ ಹಿಂತಿರುಗಿಸುತ್ತವೆ, ಶೇಕಡಾ 90ಕ್ಕೂ ಹೆಚ್ಚು. ರೈಲಿನಲ್ಲೂ ಇದೇ ಆಯಿತು. ಡೀಸೆಲ್ ಎಂಜಿನ್ನು ಘಾಟಿ ಇಳಿಯುವಾಗ ಮೋಟಾರುಗಳನ್ನೇ ಜನರೇಟರ್ ಮಾಡಿ, ಹುಟ್ಟಿದ ಕರೆಂಟನ್ನು ರೆಸಿಸ್ಟರ್ ಜಾಲರಿಗಳಲ್ಲಿ ಸುಟ್ಟು ಗಾಳಿಗೆ ಬಿಡುತ್ತದೆ. 1990ರ ದಶಕದಲ್ಲಿ ನಮ್ಮ ರೈಲ್ವೆಗೆ ಬಂದ ಡಬ್ಲ್ಯುಎಪಿ 5, ಡಬ್ಲ್ಯುಎಜಿ 9 ಥರದ ವಿದ್ಯುತ್ ಎಂಜಿನ್ನುಗಳು ಅದನ್ನು ಮೇಲಿನ ತಂತಿಗೇ ವಾಪಸ್ ಕೊಡುತ್ತವೆ.

ಹೊಸ ಬುದ್ಧಿವಂತಿಕೆ ಅಂದುಕೊಂಡಿರಾ? 1886ರಲ್ಲೇ ಇಂಗ್ಲೆಂಡಿನ ಜಾನ್ ಹಾಪ್ಕಿನ್ಸನ್ ತನ್ನ ತಮ್ಮ ಎಡ್ವರ್ಡ್ ಜೊತೆ ಇದನ್ನು ಬರೆದಿಟ್ಟಿದ್ದ. ಒಂದೇ ಥರದ ಎರಡು ಡೈನಮೋ ತಗೊಳ್ಳಿ, ಶಾಫ್ಟ್ ಜೋಡಿಸಿ, ಒಂದನ್ನು ಮೋಟಾರ್ ಮಾಡಿ, ಇನ್ನೊಂದನ್ನು ಜನರೇಟರ್ ಮಾಡಿ. ಜನರೇಟರಿನ ಕರೆಂಟು ಮೋಟಾರಿಗೆ, ಮೋಟಾರಿನ ಬಲ ಜನರೇಟರಿಗೆ. ಎರಡೂ ಪೂರ್ತಿ ಲೋಡಿನಲ್ಲಿ ಓಡುತ್ತವೆ, ಹೊರಗಿನಿಂದ ಕೊಡಬೇಕಾದದ್ದು ನಷ್ಟವನ್ನು ಮಾತ್ರ. ಎಲೆಕ್ಟ್ರಿಕಲ್ ಓದಿದವರೆಲ್ಲ ಲ್ಯಾಬಿನಲ್ಲಿ ಹಾಪ್ಕಿನ್ಸನ್ ಟೆಸ್ಟ್ ಮಾಡಿ ರೆಕಾರ್ಡ್ ಬರೆದವರೇ. ನಾನೂ ಬರೆದಿದ್ದೆ, ಮಾರ್ಕೂ ಬಂದಿತ್ತು. ಅದು ಡಮ್ಮಿ ಲೋಡೇ ಇಲ್ಲದೆ ಲೋಡ್ ಮಾಡುವ ಉಪಾಯ ಅಂತ ಹೊಳೆದದ್ದು ಮಾತ್ರ ಆ ಹುಡುಗನ ಕೆನ್ನೆಗೆ ಹೊಲಿಗೆ ಬಿದ್ದ ಮೇಲೆ.

ಆದರೂ ನೋಡಿ, ಹಾಪ್ಕಿನ್ಸನ್ನನಿಗೂ ನಷ್ಟ ತಪ್ಪಲಿಲ್ಲ. ಹತ್ತು ಕಿಲೋವ್ಯಾಟಿನ ರೀಜನರೇಟಿವ್ ಲೋಡು ಶೇಕಡಾ 93 ವಾಪಸ್ ಕೊಟ್ಟರೂ 700 ವ್ಯಾಟ್ ಒಳಗೇ ಉಳಿಯುತ್ತದೆ. ಅದಕ್ಕೆ ಮತ್ತೆ ಹೀಟ್‌ಸಿಂಕು, ಫ್ಯಾನು. ಬಿಸಿಯನ್ನು ಯಾರೂ ಇಲ್ಲವಾಗಿಸಿಲ್ಲ. ನೀರಿಗೆ ಕೊಟ್ಟರು, ಎಣ್ಣೆಯಲ್ಲಿ ಸಾಲ ಇಟ್ಟರು, ಗಾಳಿಗೆ ಹಂಚಿದರು, ಅಥವಾ ಆದಷ್ಟು ಕಡಿಮೆ ಹುಟ್ಟುವಂತೆ ನೋಡಿಕೊಂಡರು. ಹೊರಹೋಗುವ ದಾರಿಯನ್ನು ನಾವು ಮಾಡಿಕೊಡದಿದ್ದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ, ಪಕ್ಕದಲ್ಲಿ ನಿಂತವರು ಯಾರು ಅಂತ ನೋಡೋದಿಲ್ಲ.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ, ಸ್ವಂತ ಯುಪಿಎಸ್ ಸರ್ವೀಸ್ ಇಟ್ಟುಕೊಂಡಿದ್ದಾನೆ. ಸಿಕ್ಕಾಗ ನಗುತ್ತಾನೆ, ನಕ್ಕಾಗ ಕಲೆ ಮಡಚಿಕೊಳ್ಳುತ್ತದೆ. ಮೇಸ್ತ್ರಿ ತೀರಿಕೊಂಡು ಕೆಲವು ವರ್ಷವಾಯಿತು. ಅಪಘಾತವಾದ ಮಾರನೇ ದಿನ ನಾನು ಮುಖ ತಗ್ಗಿಸಿಕೊಂಡು ಅವರ ಶೆಡ್ಡಿಗೆ ಹೋಗಿದ್ದೆ. ಅವರು ಏನೂ ಉಪದೇಶ ಮಾಡಲಿಲ್ಲ. ಡ್ರಮ್ಮಿನಿಂದ ಹಬೆ ಏಳುತ್ತಿತ್ತು. "ಸ್ವಲ್ಪ ಹಿಡ್ಕಳಿ ಸಾರ್, ಬೀಡಿ ಸೇದ್ಕಂಡು ಬತ್ತೀನಿ" ಅಂತ ಹಗ್ಗ ನನ್ನ ಕೈಗೆ ಕೊಟ್ಟು ಹೋದರು. ಅವರು ಬರುವವರೆಗೂ ಟಾಂಗ್ ಟೆಸ್ಟರಿನ ಮುಳ್ಳು ನೋಡುತ್ತಾ, ನೀರು ಕಾದಂತೆಲ್ಲ ಇಂಚಿಂಚೇ ತಗಡು ಎತ್ತುತ್ತಾ ನಿಂತಿದ್ದೆ.

ನಿಮ್ಮಲ್ಲೂ ಯಾರಾದರೂ ಇಂಥ ಡ್ರಮ್ಮು ನೋಡಿದ್ದರೆ, ಹಗ್ಗ ಹಿಡಿದಿದ್ದರೆ, ಬರೆದು ತಿಳಿಸಿ. ಓದೋಕೆ ನನಗೆ ಖುಷಿ.